ಹೊರನಾಡ ಬೀದಿಯ ತಿನಿಸು, ಗಡಿನಾಡ ನಾಲಗೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯನ್ನೇರಿದವರು ಭಾಷೆಯ ಹಿರಿಮೆಯನ್ನೂ ಗಡಿಯ ಕಷ್ಟಗಳನ್ನೂ ಕುರಿತು ಮಾತನಾಡುವುದು ವಾಡಿಕೆ. ಈ ದಿನ ನಾನು ಊಟತಿಂಡಿಯ ವಿಷಯವನ್ನು ಆರಿಸಿಕೊಂಡಿದ್ದೇನೆ. ಪಂಪರನ್ನರನ್ನು ಓದಿ ವಿದ್ವಾನ್ ಪದವಿ ಪಡೆದವನು ಬಜ್ಜಿಯ ಮಾತನ್ನಾಡುವನೇ ಎಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನು. ೧೬ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನೇ ಕನ್ನಡ ಪದ್ಯದಲ್ಲಿ ಬರೆದನು. ಅಂಥವರಿಗೆ ಅಲ್ಪವೆನಿಸದ ವಿಷಯ ನಮಗೇಕೆ ಅಲ್ಪವೆನಿಸಬೇಕು?

ಈ ವಿಷಯವನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಉಂಟು. ಈ ಸೀಮೆಯ ಹುಡುಗರು ಇಂದು ದೂರದೂರದ ದೇಶಗಳಿಗೆ ಹೋಗುತ್ತಿದ್ದಾರೆ. ಒಂದು ಕಾಲಕ್ಕೆ ಜಪಾನಿಗೆ ಹೋಗಿಬರುವುದೆಂದರೆ ಮಹಾಸಾಹಸ. ೧೮೯೮ರಲ್ಲಿ ವಿಶ್ವೇಶ್ವರಯ್ಯನವರು ಆ ದೇಶಕ್ಕೆ ಹೋಗಿ, ಅಲ್ಲಿನ ವಿದ್ಯೆಯನ್ನೂ ಉದ್ಯಮವನ್ನೂ ಕಣ್ಣಾರೆ ಕಂಡು ಬಂದರು. ಈಗ ನಮ್ಮ ಶಾಲೆಯ ಬೆಂಚಿನ ಮೇಲೆ ಕುಳಿತು ಹಳಗನ್ನಡ ಪದ್ಯಕ್ಕೆ ತಡವರಿಸಿದ ಹುಡುಗನೇ ಅಲ್ಲಿಂದ ದೂರವಾಣಿಯಲ್ಲಿ ಚಿತ್ರಗಳನ್ನು ಕಳುಹಿಸುತ್ತಾನೆ. ನಾನು ಆ ದೇಶವನ್ನು ಕಂಡವನಲ್ಲ. ಇಂಥ ಶಿಷ್ಯರು ಹೇಳಿದ್ದನ್ನೂ ಪುಸ್ತಕಗಳಲ್ಲಿ ಓದಿದ್ದನ್ನೂ ಆಧರಿಸಿ ನಾಲ್ಕು ಮಾತು ಹೇಳುತ್ತೇನೆ.

ಪರದೇಶಕ್ಕೆ ಹೋದವರಲ್ಲಿ ಎರಡು ಬಗೆಯವರನ್ನು ಕಾಣುತ್ತೇವೆ. ಒಬ್ಬನು ಮನೆಯಿಂದ ಕಟ್ಟಿಕೊಂಡು ಹೋದ ಉಪ್ಪಿನಕಾಯಿಯ ಡಬ್ಬಿಯನ್ನು ಬಿಟ್ಟು ಕದಲುವುದಿಲ್ಲ; ಅಲ್ಲಿನವರ ತಿನಿಸನ್ನು ಕಂಡರೆ ಮೂಗು ಮುಚ್ಚಿಕೊಳ್ಳುತ್ತಾನೆ. ಇನ್ನೊಬ್ಬನು ಕಂಡಕಂಡದ್ದನ್ನೆಲ್ಲ ತಿಂದು, ಚಿತ್ರ ತೆಗೆದು, ಅದರ ಹೆಸರನ್ನೂ ಕೇಳದೆ ಮುಂದಿನ ಅಂಗಡಿಗೆ ನಡೆಯುತ್ತಾನೆ. ಇಬ್ಬರೂ ಹೋದ ಊರನ್ನು ಅರಿಯದೆ ಮರಳುತ್ತಾರೆ. ಇವೆರಡರ ನಡುವೆ ಒಂದು ದಾರಿಯಿದೆ. ಆ ದಾರಿ ಗಡಿನಾಡಿನವರಾದ ನಮಗೆ ಹುಟ್ಟಿನಿಂದಲೇ ಅಭ್ಯಾಸವಾದುದು ಎಂಬುದೇ ನನ್ನ ಇಂದಿನ ಮಾತಿನ ತಿರುಳು.

ನಮ್ಮ ಗೋನೆಗಂಡ್ಲದಿಂದಲೇ ಆರಂಭಿಸೋಣ. ಬೆಳಗಿನ ಹೊತ್ತು ಇಲ್ಲಿಯ ಯಾವ ಚಿಕ್ಕ ಹೋಟೆಲಿನ ಮುಂದೆ ನಿಂತರೂ ಒಗ್ಗರಣೆಯ ಘಮಲು ಬರುತ್ತದೆ. ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನ ಬಿದ್ದ ಒಗ್ಗರಣೆಯಲ್ಲಿ ಕಲಸಿ, ಮೇಲೆ ಹುರಿಗಡಲೆಯ ಪುಡಿ ಉದುರಿಸಿ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿಯನ್ನಿಟ್ಟು ಕೊಡುತ್ತಾರೆ. ತೆಲುಗಿನಲ್ಲಿ ಕೇಳುವವನು ಉಗ್ಗಾಣಿ ಎನ್ನುತ್ತಾನೆ. ಬಳ್ಳಾರಿಯ ಕಡೆಯಿಂದ ಬಂದವನು ಒಗ್ಗರಣೆ ಎನ್ನುತ್ತಾನೆ. ದಾವಣಗೆರೆಯ ಕಡೆಗೆ ಹೋದರೆ ಅದರ ಬಂಧುವೇ ಮಂಡಕ್ಕಿ ಸುಸಲ. ಹೋಟೆಲಿನವನು ಯಾರನ್ನೂ ತಿದ್ದುವುದಿಲ್ಲ. ಮೂವರಿಗೂ ಒಂದೇ ಬಾಣಲೆಯಿಂದ ಬಡಿಸುತ್ತಾನೆ. ನಮ್ಮ ಪುಂಡಿಸೊಪ್ಪು ಅವರಿಗೆ ಗೋಂಗೂರ, ನಮ್ಮ ಹೋಳಿಗೆ ಅವರಿಗೆ ಭಕ್ಷ್ಯ, ನಮ್ಮ ಪಡ್ಡು ಅವರಿಗೆ ಗುಂತಪೊಂಗನಾಲು, ನಮ್ಮ ಮುದ್ದೆ ಅವರಿಗೆ ಸಂಗಟಿ. ಈ ಜೋಡಿ ಹೆಸರುಗಳನ್ನು ನಮ್ಮ ಮಕ್ಕಳು ಯಾವ ಪಾಠಪುಸ್ತಕವೂ ಇಲ್ಲದೆ ಕಲಿಯುತ್ತಾರೆ.

೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ಉದಯವಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದವು. ಬಳ್ಳಾರಿಯು ಮೈಸೂರಿಗೆ ಸೇರಿತು. ಕಾಗದದ ಮೇಲೆ ಗೆರೆ ಬಿದ್ದಿತು, ಕಚೇರಿಗಳ ಭಾಷೆ ಬದಲಾಯಿತು, ಶಾಲೆಗಳ ಲೆಕ್ಕವೂ ಬದಲಾಯಿತು. ಅಡಿಗೆಮನೆಯ ಒಲೆಗೆ ಮಾತ್ರ ಆ ಗೆರೆ ತಿಳಿಯಲಿಲ್ಲ. ಗೆರೆಯ ಆ ಕಡೆಯೂ ಈ ಕಡೆಯೂ ಜೋಳದ ರೊಟ್ಟಿಯನ್ನು ಬಡಿಯುವ ಸದ್ದು ಒಂದೇ ಆಗಿ ಉಳಿಯಿತು.

ಇನ್ನು ಜಪಾನಿನ ಕಡೆಗೆ ಹೊರಳೋಣ. ಕೆಲವು ವರ್ಷಗಳ ಹಿಂದೆ ನನ್ನ ಶಿಷ್ಯನೊಬ್ಬನು ಒಸಾಕಾ ನಗರದ ಬೀದಿಯಂಗಡಿಯ ಚಿತ್ರವೊಂದನ್ನು ಕಳುಹಿಸಿ, “ಗುರುಗಳೇ, ಇಲ್ಲಿಯೂ ಪಡ್ಡು!” ಎಂದು ಬರೆದಿದ್ದನು. ನೋಡಿದರೆ ನಿಜವಾಗಿಯೂ ನಮ್ಮ ಪಡ್ಡಿನ ಹಂಚಿನಂಥ ಗುಳಿಗಳುಳ್ಳ ಕಬ್ಬಿಣದ ಹಂಚು; ಅದರಲ್ಲಿ ಹಿಟ್ಟು ಹೊಯ್ದು, ಮೊನಚು ಕಡ್ಡಿಯಿಂದ ತಿರುವಿ ತಿರುವಿ ಉಂಡೆಯಾಗಿ ಬೇಯಿಸುತ್ತಿದ್ದಾರೆ. ಅದರ ಹೆಸರು ತಾಕೊಯಾಕಿ. ೧೯೩೫ರ ಸುಮಾರಿಗೆ ಆ ಊರಿನಲ್ಲಿಯೇ ರೂಪುಗೊಂಡ ತಿನಿಸು. ಆದರೆ ಅಲ್ಲಿ ಅಕ್ಕಿಉದ್ದಿನ ಹುಳಿಹಿಟ್ಟಿಲ್ಲ. ಗೋಧಿಹಿಟ್ಟು, ಅದರ ನಡುವೆ ಅಷ್ಟಪದಿಯೆಂಬ ಸಮುದ್ರಜೀವಿಯ ಮಾಂಸದ ತುಣುಕು. ಹುಡುಗನು ಶಾಕಾಹಾರಿ. ಕೇಳಿ ತಿಳಿದುಕೊಂಡನು, ನಕ್ಕು ನಮಸ್ಕರಿಸಿದನು, ಅಂಗಡಿಯವನ ಕೈಚಳಕವನ್ನು ನೋಡುತ್ತ ಅಲ್ಲಿಯೇ ಸ್ವಲ್ಪ ಹೊತ್ತು ನಿಂತನು. ತಿನ್ನದೆಯೂ ಒಂದು ತಿನಿಸಿಗೆ ಗೌರವ ಸಲ್ಲಿಸಬಹುದೆಂಬುದನ್ನು ಅವನಿಂದ ನಾನು ಕಲಿತೆನು.

ಮತ್ತೊಂದು ಸೋಜಿಗವನ್ನು ಹೇಳುತ್ತೇನೆ. ಮೆಣಸಿನಕಾಯಿ ನಮ್ಮ ನೆಲದ್ದೆಂದೇ ನಾವು ನಂಬಿದ್ದೇವೆ. ಅದು ಹುಟ್ಟಿದ್ದು ಅಮೆರಿಕಾ ಖಂಡದಲ್ಲಿ. ೧೬ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳು ಅದನ್ನು ಇಲ್ಲಿಗೆ ತಂದವು. ಅದೇ ಪೋರ್ಚುಗೀಸರು ೧೫೪೩ರಲ್ಲಿ ಜಪಾನನ್ನು ಮುಟ್ಟಿದರು. ಕಲಸಿದ ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯುವ ಅವರ ಪದ್ಧತಿಯಿಂದ ಅಲ್ಲಿ ತೆಂಪುರಾ ಬೆಳೆಯಿತು. ಟೋಕಿಯೋ ನಗರಕ್ಕೆ ಎದೋ ಎಂಬ ಹೆಸರಿದ್ದ ಕಾಲದಲ್ಲಿ ಕೂಲಿಕಾರರೂ ಬಡಗಿಗಳೂ ಬೀದಿಬದಿಯಲ್ಲಿ ನಿಂತು ತಿನ್ನುತ್ತಿದ್ದ ಅಗ್ಗದ ತಿನಿಸು ಅದಾಗಿತ್ತು. ಇಂದು ಜಗತ್ತಿನಾದ್ಯಂತ ದೊಡ್ಡ ಬೆಲೆಗೆ ಮಾರುವ ಸುಶಿಯೂ ಆ ಊರಿನ ಗಾಡಿಗಳ ಮೇಲೆ ಹಾಗೆಯೇ ಮಾರಾಟವಾಗುತ್ತಿದ್ದಿತು. ನಮ್ಮ ಬಜ್ಜಿಯೊಳಗಿನ ಮೆಣಸಿನಕಾಯಿಯೂ ಅವರ ತೆಂಪುರಾ ಕರಿಯುವ ಕ್ರಮವೂ ಒಂದೇ ಶತಮಾನದಲ್ಲಿ ಒಂದೇ ಜನರ ಹಡಗೇರಿ ಬಂದವುಗಳೆಂದ ಮೇಲೆ, ಇದು ಶುದ್ಧ ನಮ್ಮದು, ಅದು ಶುದ್ಧ ಪರಕೀಯ ಎಂದು ಗೆರೆ ಎಳೆಯುವುದು ಹೇಗೆ?

ಧಾನ್ಯಗಳ ವಿಷಯದಲ್ಲಿ ನಂಟು ಇನ್ನೂ ಹಳೆಯದು. ತೆಲುಗಿನವರು ಕೊರ್ರ ಎನ್ನುವ ನಮ್ಮ ನವಣೆಯನ್ನು ಜಪಾನಿನವರು ಅವಾ ಎನ್ನುತ್ತಾರೆ. ನಮ್ಮ ಬರಗು ಅವರ ಕಿಬಿ. ನಮ್ಮ ಊದಲಿನ ದಾಯಾದಿ ಅವರ ಹಿಯೆ. ಭತ್ತ ಬೆಳೆಯದ ಗುಡ್ಡಗಾಡಿನಲ್ಲಿ ಅಲ್ಲಿನ ಬಡರೈತರು ಬಹುಕಾಲ ಬದುಕಿದ್ದು ಈ ಕಿರುಧಾನ್ಯಗಳ ಮೇಲೆ. ನಮ್ಮ ಎರೆಯ ಹೊಲಗಳ ಅಜ್ಜಂದಿರು ಬದುಕಿದ್ದೂ ಜೋಳ ನವಣೆಗಳ ಮೇಲೆ. ಅಲ್ಲಿನ ಮಕ್ಕಳೆಲ್ಲರೂ ಬಲ್ಲ ಮೊಮೊತಾರೊ ಎಂಬ ಜನಪದ ಕಥೆಯಲ್ಲಿ, ಹಣ್ಣಿನಿಂದ ಹುಟ್ಟಿದ ವೀರಬಾಲಕನು ರಾಕ್ಷಸರ ಮೇಲೆ ದಂಡೆತ್ತಿ ಹೋಗುವಾಗ ಬುತ್ತಿಯಾಗಿ ಒಯ್ಯುವುದು ಬರಗಿನ ಹಿಟ್ಟಿನ ಉಂಡೆಗಳನ್ನು. ಅವನ್ನು ಹಂಚಿಕೊಟ್ಟೇ ಅವನು ನಾಯಿ, ಕೋತಿ, ಕಾಡುಕೋಳಿಗಳ ಸ್ನೇಹವನ್ನು ಗಳಿಸುತ್ತಾನೆ. ಒಕಾಯಾಮಾ ಎಂಬ ಪ್ರಾಂತದಲ್ಲಿ ಆ ಹೆಸರಿನ ಉಂಡೆಗಳನ್ನು ಯಾತ್ರಿಕರು ಇಂದಿಗೂ ಕೊಂಡು ಮನೆಗೆ ಒಯ್ಯುತ್ತಾರೆ. ನಮ್ಮ ಮಂಡಕ್ಕಿ ಉಂಡೆಯನ್ನು ಹೋಲುವ, ಅರಳಿಸಿದ ಅಕ್ಕಿಯನ್ನು ಪಾಕದಲ್ಲಿ ಕಟ್ಟಿದ ಒಕೊಶಿ ಎಂಬ ಸಿಹಿಯು ಟೋಕಿಯೋದ ಅಸಾಕುಸಾ ದೇವಾಲಯದ ಮುಂದಿನ ಅಂಗಡಿಗಳಲ್ಲಿ ದೊರೆಯುತ್ತದೆ.

ನಮ್ಮಲ್ಲಿ ಅನೇಕ ಮನೆಗಳವರು ಶಾಕಾಹಾರಿಗಳು. ಅವರ ಮಕ್ಕಳಿಗೆ ಉಪಯೋಗವಾಗುವ ಕೆಲವು ಸಂಗತಿಗಳನ್ನು ಹೇಳದಿದ್ದರೆ ಈ ಭಾಷಣ ಬರಿಯ ಮಾತಾದೀತು. ಜಪಾನಿನ ಸಾರಿಗೂ ಶಾವಿಗೆಯ ರಸಕ್ಕೂ ಆಧಾರವಾದ ದಾಶಿ ಎಂಬ ಕಟ್ಟನ್ನು ಸಾಮಾನ್ಯವಾಗಿ ಒಣಮೀನು, ಕಡಲಪಾಚಿಗಳಿಂದ ತೆಗೆಯುತ್ತಾರೆ. ಆದ್ದರಿಂದ ತಟ್ಟೆಯಲ್ಲಿ ತರಕಾರಿ ಮಾತ್ರ ಕಂಡಿತೆಂದು ನಂಬಬಾರದು; ಕೇಳಬೇಕು. ಇದಕ್ಕೆ ವಿರುದ್ಧವಾಗಿ, ತಾಯ್‌ಯಾಕಿ ಎಂಬ ತಿನಿಸು ನೋಡಲು ಮೀನಿನ ಆಕಾರದ್ದಾದರೂ ಒಳಗಿರುವುದು ಕೆಂಪು ಕಾಳಿನ ಸಿಹಿ ಹೂರಣ, ನಮ್ಮ ಹೋಳಿಗೆಯ ಹೂರಣದ ತಂಗಿ. ಹಿಟ್ಟಿನಲ್ಲಿ ಮೊಟ್ಟೆಯುಂಟೇ ಎಂದು ಮಾತ್ರ ವಿಚಾರಿಸಿಕೊಳ್ಳಬೇಕು. ಚಳಿಗಾಲದಲ್ಲಿ ಗಾಡಿಯ ಮೇಲೆ ಸುಟ್ಟು ಮಾರುವ ಗೆಣಸಿಗೆ ಯಾವ ಶಂಕೆಯೂ ಬೇಡ. ಕೋಯಾ ಪರ್ವತದ ಬೌದ್ಧ ವಿಹಾರಗಳಲ್ಲಿ ತಂಗುವ ಯಾತ್ರಿಕರಿಗೆ ಬಡಿಸುವ ಊಟವಂತೂ ಸಂಪೂರ್ಣ ಶಾಕಾಹಾರ. ನಮ್ಮ ತುಂಗಭದ್ರೆಯ ದಡದ ಮಂತ್ರಾಲಯದ ಪಂಕ್ತಿಯಲ್ಲಿರುವಂತೆ, ಸಂಪ್ರದಾಯದ ಪ್ರಕಾರ ಅಲ್ಲಿಯೂ ಈರುಳ್ಳಿ ಬೆಳ್ಳುಳ್ಳಿಗಳು ವರ್ಜ್ಯ.

ತಿನ್ನುವ ರೀತಿಯೂ ಒಂದು ಭಾಷೆಯೇ. ಅಲ್ಲಿನವರು ಊಟಕ್ಕೆ ಮುನ್ನ ಕೈಜೋಡಿಸಿ ‘ಇತಾದಾಕಿಮಾಸು’ ಎನ್ನುತ್ತಾರೆ; ವಿನಯದಿಂದ ಸ್ವೀಕರಿಸುತ್ತೇನೆ ಎಂದು ಅದರ ಭಾವ. ಉಂಡ ಮೇಲೆ ‘ಗೊಚಿಸೋಸಾಮಾ’ ಎಂದು ಬಡಿಸಿದವರಿಗೆ ವಂದಿಸುತ್ತಾರೆ. ನಮ್ಮಲ್ಲಿ ಅನ್ನದಾತಾ ಸುಖೀಭವ ಎಂಬ ಹರಕೆಯಿಲ್ಲವೇ? ಬೀದಿಯ ತಿನಿಸನ್ನು ಕೊಂಡರೂ ನಡೆಯುತ್ತ ತಿನ್ನುವುದನ್ನು ಅನೇಕ ಕಡೆ ಅಸಭ್ಯವೆಂದು ಎಣಿಸುತ್ತಾರೆ. ಕಾಮಾಕುರಾ ನಗರವು ೧೯೧೦ರ ಮಾತಲ್ಲ, ೨೦೧೯ರಲ್ಲಿಯೇ ಈ ವಿಷಯವಾಗಿ ನಿಯಮವೊಂದನ್ನು ಹೊರಡಿಸಿ ಜನರನ್ನು ಎಚ್ಚರಿಸಿತು. ಅನ್ನದ ಬಟ್ಟಲಿನಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸುವುದು ಅಲ್ಲಿ ಅಶುಭ, ಏಕೆಂದರೆ ಸತ್ತವರಿಗೆ ಹಾಗೆ ಇಡುತ್ತಾರೆ. ಎಂಜಲು, ಮಡಿ, ಎಡಗೈ ಬಲಗೈ ಎಂಬ ನಿಯಮಗಳನ್ನು ಬಲ್ಲ ನಮಗೆ ಇದು ವಿಚಿತ್ರವೆನಿಸಬಾರದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆ ದೇಶದಲ್ಲಿ ನನ್ನನ್ನು ಸೆಳೆದದ್ದು ರುಚಿಗಿಂತ ಹೆಚ್ಚಾಗಿ ಹೆಸರಿನ ಮೇಲಣ ಅಭಿಮಾನ. ತಾಕೊಯಾಕಿ ಎಂದರೆ ಒಸಾಕಾ, ಬರಗಿನುಂಡೆ ಎಂದರೆ ಒಕಾಯಾಮಾ. ಊರಿನ ಹೆಸರನ್ನೂ ತಿನಿಸಿನ ಹೆಸರನ್ನೂ ಅವರು ಬೇರ್ಪಡಿಸುವುದಿಲ್ಲ. ೨೦೧೩ರಲ್ಲಿ ವಿಶ್ವಸಂಸ್ಥೆಯ ಯುನೆಸ್ಕೋ ಜಪಾನಿನ ಸಾಂಪ್ರದಾಯಿಕ ಆಹಾರಪದ್ಧತಿಯನ್ನು ಮಾನವಕುಲದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು. ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೇನು? ಶಾಲೆಯ ಮಧ್ಯಾಹ್ನದ ವಿರಾಮದಲ್ಲಿ ನಾನು ಕಾಣುತ್ತೇನೆ: ಜೋಳದ ರೊಟ್ಟಿ, ಪುಂಡಿಪಲ್ಯ ತಂದ ಮಗು ಡಬ್ಬಿಯ ಮುಚ್ಚಳವನ್ನು ಪೂರ್ತಿ ತೆರೆಯದೆ, ಕೈ ಅಡ್ಡವಿಟ್ಟುಕೊಂಡು ತಿನ್ನುತ್ತದೆ. ನವಣೆಯನ್ನು ಮುಂದಿಟ್ಟು ಇದರ ಹೆಸರೇನೆಂದು ಕೇಳಿದರೆ ಕನ್ನಡ ಮಾಧ್ಯಮದ ಮಗುವೂ ಕೆಲವೊಮ್ಮೆ ತೆಲುಗಿನಲ್ಲಿಯೂ ಹೇಳದೆ, ಕನ್ನಡದಲ್ಲಿಯೂ ಹೇಳದೆ, ಅಂಗಡಿಯ ಪೊಟ್ಟಣದ ಮೇಲಿನ ಇಂಗ್ಲಿಷ್ ಮಾತನ್ನು ಹೇಳುತ್ತದೆ. ೨೦೨೩ನೆಯ ವರ್ಷವನ್ನು ಕಿರುಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಜಗತ್ತೇ ಆಚರಿಸಿತು. ಧಾನ್ಯಕ್ಕೆ ಮಾನ ಬಂದಿತು. ಅಜ್ಜಿಯ ಬಾಯಲ್ಲಿದ್ದ ಅದರ ಹೆಸರು ಮಾತ್ರ ಮೊಮ್ಮಗಳ ಬಾಯಿಗೆ ಬರಲಿಲ್ಲ.

ಗಡಿನಾಡಿನಲ್ಲಿ ಭಾಷೆಯು ಮೊದಲು ಕಚೇರಿಯಿಂದ ಹೊರಬೀಳುತ್ತದೆ, ಆಮೇಲೆ ಸಂತೆಯಿಂದ, ಆಮೇಲೆ ಶಾಲೆಯಿಂದ. ಕೊನೆಯದಾಗಿ ಉಳಿಯುವ ಆಸರೆಯೇ ಅಡಿಗೆಮನೆ. ಒರಳು, ಕೊಣಮಿಗೆ, ಸಟ್ಟುಗ, ಹಗೇವು, ನುಚ್ಚು, ಅಂಬಲಿ ಎಂಬ ಮಾತುಗಳು ಅಲ್ಲಿಂದಲೂ ಹೊರಟುಹೋದರೆ ಅವನ್ನು ಯಾವ ನಿಘಂಟೂ ಬದುಕಿಸಲಾರದು. ತನ್ನ ತಾಯಿಯ ರೊಟ್ಟಿಗೆ ನಾಚುವ ಮಗು ಮುಂದೆ ಹೊರದೇಶಕ್ಕೆ ಹೋದರೂ ಒಳ್ಳೆಯ ಅತಿಥಿಯಾಗಲಾರದು. ಒಂದೋ ಅಲ್ಲಿನ ಊಟವನ್ನು ಹಳಿಯುತ್ತದೆ, ಇಲ್ಲವೇ ತನ್ನದನ್ನು ಮರೆಯುತ್ತದೆ. ಉಗ್ಗಾಣಿ, ಒಗ್ಗರಣೆ ಎರಡನ್ನೂ ನಗುನಗುತ್ತ ಹೇಳಬಲ್ಲ ಮಗುವಿಗೆ ಮಾತ್ರ ತಾಕೊಯಾಕಿ ಎಂಬ ಮೂರನೆಯ ಹೆಸರನ್ನು ಕಲಿಯುವುದು ಕಷ್ಟವಲ್ಲ.

ಆದ್ದರಿಂದ ನನ್ನ ವಿಜ್ಞಾಪನೆ ಇಷ್ಟು. ಪ್ರತಿಯೊಂದು ಮನೆಯಲ್ಲಿ ಒಂದು ನೋಟುಪುಸ್ತಕವನ್ನಿಡಿರಿ. ಅಜ್ಜಿಯನ್ನು ಕೂರಿಸಿಕೊಂಡು ಮಕ್ಕಳು ಅದರಲ್ಲಿ ಮನೆಯ ತಿನಿಸುಗಳ ಕನ್ನಡ ಹೆಸರನ್ನೂ, ಪಕ್ಕದಲ್ಲಿ ತೆಲುಗು ಹೆಸರನ್ನೂ, ಮಾಡುವ ಕ್ರಮವನ್ನೂ, ಮಾಡುವ ಹಬ್ಬವನ್ನೂ ಬರೆಯಲಿ. ಹೊರನಾಡಿಗೆ ಹೋದ ಮಕ್ಕಳು ಅಲ್ಲಿ ಕಂಡ ತಿನಿಸುಗಳ ಹೆಸರನ್ನು ಕೇಳಿ ತಿಳಿದು ಅದೇ ಕ್ರಮದಲ್ಲಿ ಬರೆದು ಕಳುಹಿಸಲಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಇವುಗಳಲ್ಲಿ ಕೆಲವನ್ನು ಅಚ್ಚು ಮಾಡಬೇಕೆಂದು ಸಂಘದ ಹಿರಿಯರನ್ನು ಪ್ರಾರ್ಥಿಸುತ್ತೇನೆ. ಆಯ್ದು ತಿದ್ದಿಕೊಡುವ ಕೆಲಸವನ್ನು ನಾನೇ ವಹಿಸಿಕೊಳ್ಳುತ್ತೇನೆ.

ಊಟದ ವೇಳೆ ಸಮೀಪಿಸಿದೆ. ಒಳಗಿನಿಂದ ಒಗ್ಗರಣೆಯ ವಾಸನೆಯೂ ಬರುತ್ತಿದೆ.