ಮುಕ್ತ ತಂತ್ರಾಂಶ: ಕೂಡಿ ದುಡಿಯುವ ವಿದ್ಯೆ

(ನುಗ್ಗೇಹಳ್ಳಿಯಲ್ಲಿ ವಿದ್ಯಾರ್ಥಿಗಳಿಗಾಗಿ ಮಾಡಿದ ಭಾಷಣದ ಬರಹ ರೂಪ)



ನಿಮ್ಮ ಊರಿನ ಲಕ್ಷ್ಮೀನರಸಿಂಹ ದೇವಾಲಯವನ್ನು ನೀವೆಲ್ಲ ನೂರಾರು ಸಲ ನೋಡಿದ್ದೀರಿ. 1246ರಲ್ಲಿ, ಹೊಯ್ಸಳ ದೊರೆ ವೀರ ಸೋಮೇಶ್ವರನ ಕಾಲದಲ್ಲಿ, ಬೊಮ್ಮಣ್ಣ ದಂಡನಾಯಕ ಅದನ್ನು ಕಟ್ಟಿಸಿದ. ದೂರದ ಊರುಗಳಿಂದ ಬರುವವರು ಅದರ ಅಂದವನ್ನು ನೋಡಿ ಹೋಗುತ್ತಾರೆ. ನಾನು ಇಂದು ನಿಮ್ಮ ಗಮನ ಸೆಳೆಯಬೇಕೆಂದಿರುವುದು ಬೇರೊಂದು ಸಂಗತಿಯ ಕಡೆಗೆ. ಆ ಗೋಡೆಯ ಉತ್ತರ ಭಾಗದ ಮೂರ್ತಿಗಳು ಮಲ್ಲಿತಮ್ಮನವು, ದಕ್ಷಿಣ ಭಾಗದವು ಬೈಚೋಜನವು ಎಂದು ಇತಿಹಾಸ ಬಲ್ಲವರು ಹೇಳುತ್ತಾರೆ. ಏಳುನೂರೈವತ್ತು ವರ್ಷಗಳಿಗೂ ಹಿಂದಿನ ಕೆಲಸಗಾರರ ಹೆಸರು ನಮಗೆ ಗೊತ್ತಾದದ್ದು ಅವರು ತಮ್ಮ ಹೆಸರನ್ನು ಕಲ್ಲಿನಲ್ಲಿ ಕೆತ್ತಿದ್ದರಿಂದ. ಇಬ್ಬರ ಕೈ ಬೇರೆ ಬೇರೆ, ಕಟ್ಟಡ ಮಾತ್ರ ಒಂದೇ. ಯಾವ ಕೆಲಸ ಯಾರದು ಎಂಬ ಲೆಕ್ಕವೂ ಅಲ್ಲೇ ಇದೆ.

ನಾನು ಇಂದು ಮಾತಾಡಬೇಕಾದ ವಿಷಯ ಮುಕ್ತ ತಂತ್ರಾಂಶ. ಪರಸ್ಪರ ಮುಖ ನೋಡದ ಸಾವಿರಾರು ಜನ, ಬಹುಪಾಲು ಸಂಬಳವಿಲ್ಲದೆ, ಒಂದೇ ಕಟ್ಟಡವನ್ನು ಹೇಗೆ ಕಟ್ಟುತ್ತಾರೆ? ಜಗಳವಾದರೆ ಏನು ಮಾಡುತ್ತಾರೆ? ಅದರಲ್ಲಿ ನಮ್ಮಂಥವರಿಗೆ ಜಾಗವಿದೆಯೇ? ಈ ಮೂರು ಪ್ರಶ್ನೆಗಳಿಗೆ ನನಗೆ ತಿಳಿದಷ್ಟು ಉತ್ತರ ಹೇಳುತ್ತೇನೆ.

ಮೊದಲು ಈ ಹೆಸರಿನ ಅರ್ಥ ನೋಡೋಣ. ತೋಟದ ಪಂಪ್‌ಸೆಟ್ ಕೆಟ್ಟರೆ ಚನ್ನರಾಯಪಟ್ಟಣದ ಮೆಕ್ಯಾನಿಕ್ಕು ಬಿಚ್ಚಿ ನೋಡಿ ಸರಿಮಾಡುತ್ತಾನೆ. ಬಿಚ್ಚಲಾಗದಂತೆ ಬೆಸುಗೆ ಹಾಕಿ, ತೆರೆದವರ ಮೇಲೆ ಮೊಕದ್ದಮೆ ಎಂದು ಕಂಪನಿ ಹೇಳಿದರೆ ನಮ್ಮ ಗತಿಯೇನು? ಕಂಪ್ಯೂಟರಿನ ಬಹಳಷ್ಟು ತಂತ್ರಾಂಶಗಳು ಹಾಗೇ ಇವೆ. ಅವುಗಳ ಮೂಲ ಬರಹವನ್ನು ಕಂಪನಿ ಕೊಡುವುದಿಲ್ಲ. ಮುಕ್ತ ತಂತ್ರಾಂಶದಲ್ಲಿ ಮೂಲ ಬರಹ ಎಲ್ಲರ ಮುಂದಿರುತ್ತದೆ. ಅದನ್ನು ಬಳಸಬಹುದು, ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ಬಿಟ್ಟಿ ಸಿಗುವುದೆಲ್ಲ ಮುಕ್ತವಲ್ಲ ಎಂಬುದನ್ನು ನೆನಪಿಡಿ. ಹಣ ಕೊಡದೆ ಸಿಕ್ಕರೂ ಮೂಲ ಬರಹ ಸಿಗದಿದ್ದರೆ ಅದು ಬೆಸುಗೆ ಹಾಕಿದ ಪಂಪ್‌ಸೆಟ್ಟೇ.

ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿ ಈ ಚಳವಳಿಗೆ ತಳಹದಿ ಹಾಕಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ತಾನು ಬರೆದ ಸಣ್ಣದೊಂದು ಕಾರ್ಯಾಚರಣಾ ವ್ಯವಸ್ಥೆಯನ್ನು ಎಲ್ಲರ ಮುಂದಿಟ್ಟ. ಅದೇ ಲಿನಕ್ಸ್. ಇಂದು ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಅದೇ. ಇಂದು ಲಿನಕ್ಸಿಗೆ ದುಡಿಯುವ ಬಹಳ ಜನರಿಗೆ ಕಂಪನಿಗಳು ಸಂಬಳ ಕೊಡುತ್ತವೆ, ನಿಜ. ಆದರೆ 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಬೃಹತ್ ಯೋಜನೆ ಇಂದಿಗೂ ಸ್ವಯಂಸೇವಕರದು. ಅದರ ಮುಂದಾಳನ್ನು ಸದಸ್ಯರೇ ವರ್ಷಕ್ಕೊಮ್ಮೆ ಮತ ಹಾಕಿ ಆರಿಸುತ್ತಾರೆ.

ಈಗ ಕೆಲಸದ ರೀತಿ. ಒಬ್ಬ ಬಳಕೆದಾರನಿಗೆ ಒಂದು ದೋಷ ಕಾಣುತ್ತದೆ. ಏನು ಮಾಡಿದಾಗ ಏನಾಯಿತು ಎಂದು ಆತ ಸ್ಪಷ್ಟವಾಗಿ ಬರೆದು ತಿಳಿಸುತ್ತಾನೆ. ಇದೇ ಮೊದಲ ಸೇವೆ. ಇದಕ್ಕೆ ಎಂಜಿನಿಯರ್ ಆಗಬೇಕಿಲ್ಲ, ಸತ್ಯವಾಗಿ ಬರೆಯುವುದು ಗೊತ್ತಿದ್ದರೆ ಸಾಕು. ಇನ್ನೊಬ್ಬ ಅದನ್ನು ಸರಿಪಡಿಸಿ, ತಾನು ಬದಲಿಸಿದ ಸಾಲುಗಳನ್ನು ಮಾತ್ರ ಕಳುಹಿಸುತ್ತಾನೆ. ಇದಕ್ಕೆ ಪ್ಯಾಚ್, ಅಂದರೆ ತೇಪೆ ಎಂದು ಹೆಸರು. ಮೂರನೆಯವನು ಆ ತೇಪೆಯನ್ನು ಪರಿಶೀಲಿಸಿ, ಇಲ್ಲಿ ತಪ್ಪಿದೆ, ಇದು ಅನಗತ್ಯ ಎಂದು ಹೇಳುತ್ತಾನೆ. ತಿದ್ದಿದ ಮೇಲೆ ಆ ಭಾಗದ ಹೊಣೆ ಹೊತ್ತವನು ಅದನ್ನು ಮೂಲಕ್ಕೆ ಸೇರಿಸುತ್ತಾನೆ. ಈ ಮಾತುಕತೆಯೆಲ್ಲ ನಾಲ್ಕು ಜನರ ಎದುರೇ ನಡೆಯುತ್ತದೆ.

ಯಾರು, ಯಾವ ದಿನ, ಯಾವ ಸಾಲನ್ನು, ಯಾಕೆ ಬದಲಿಸಿದರು ಎಂಬ ಲೆಕ್ಕವಿಡಲು ಟೋರ್ವಾಲ್ಡ್ಸ್ 2005ರಲ್ಲಿ ಗಿಟ್ ಎಂಬ ಸಾಧನ ಬರೆದರು. ಇಂದು ಇದು ಎಲ್ಲೆಡೆ ಬಳಕೆಯಲ್ಲಿದೆ. ಲಿನಕ್ಸ್ ಯೋಜನೆಯಲ್ಲಿ 2004ರಿಂದ ಇನ್ನೊಂದು ಪದ್ಧತಿಯಿದೆ. ತೇಪೆ ಕಳುಹಿಸುವವರು ಅದರ ಕೊನೆಗೆ ತಮ್ಮ ಹೆಸರು ಬರೆಯಬೇಕು. ಇದನ್ನು ಕೊಡುವ ಹಕ್ಕು ನನಗಿದೆ, ಕದ್ದದ್ದಲ್ಲ ಎಂಬ ಪ್ರಮಾಣ ಅದು. ನಿಮ್ಮೂರಿನ ಗೋಡೆಯಲ್ಲಿ ಶಿಲ್ಪಿಗಳು ಕೆತ್ತಿದ ಹೆಸರನ್ನು ಇಲ್ಲಿ ನೆನಪಿಸಿಕೊಳ್ಳಿ. ಹೆಸರು ಬರೆದವನಿಗೆ ಕೀರ್ತಿಯೂ ಬರುತ್ತದೆ, ಹೊಣೆಯೂ ಬರುತ್ತದೆ.

ಭಿನ್ನಾಭಿಪ್ರಾಯ ಬಂದರೆ? ಮೊದಲು ಚರ್ಚೆ. ಮಾತು ಮುಗಿಯದಿದ್ದರೆ ಹೊಣೆಗಾರನ ತೀರ್ಮಾನ. ಅದೂ ಒಪ್ಪಿಗೆಯಾಗದಿದ್ದರೆ ಮೂಲ ಬರಹವನ್ನು ತೆಗೆದುಕೊಂಡು ಬೇರೆ ಯೋಜನೆ ಆರಂಭಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಹೀಗೆ ಬೇರೆಯಾಗುವ ಹಕ್ಕು ಇರುವುದರಿಂದಲೇ ಮುಂದಾಳುಗಳು ಸರ್ವಾಧಿಕಾರಿಗಳಾಗಲು ಹೆದರುತ್ತಾರೆ.

ಇದೆಲ್ಲ ವಿದೇಶದ ಮಾತಾಯಿತು, ಕನ್ನಡಕ್ಕೇನು ಎಂದು ನೀವು ಕೇಳಬಹುದು. ಕನ್ನಡ ಇಂದು ಕಂಪ್ಯೂಟರಿನಲ್ಲಿ ಉಳಿದಿರುವುದರ ಹಿಂದೆ ಹೀಗೆ ದುಡಿದವರ ಪಾಲು ದೊಡ್ಡದು. ಮಂಗಳೂರಿನ ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಉಚ್ಚಾರಣೆಯನ್ನೇ ಆಧರಿಸಿದ ಕನ್ನಡ ಕೀಲಿಮಣೆಯ ವಿನ್ಯಾಸ ರೂಪಿಸಿ ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಸರ್ಕಾರ ಒಪ್ಪಿದ ಕೀಲಿಮಣೆಯ ಬುನಾದಿ ಅದೇ. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಈಗ ಅಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ, ಬಹುಪಾಲು ಸ್ವಯಂಸೇವಕರು ಬರೆದವು. ಅರವಿಂದ ವಿ.ಕೆ. ರೂಪಿಸಿದ ‘ಗುಬ್ಬಿ’ ಮತ್ತು ‘ನವಿಲು’ ಎಂಬ ಅಕ್ಷರ ವಿನ್ಯಾಸಗಳು ಡೆಬಿಯನ್ ಭಂಡಾರದಲ್ಲಿವೆ. ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಅವನ್ನು ಇಳಿಸಿಕೊಂಡು ಕನ್ನಡ ಓದಬಹುದು.

ಹಿಂದೆ ನಾವು ಟೈಪು ಮಾಡಿದ ಕನ್ನಡ ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಅಡಗಿರುತ್ತಿತ್ತು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು. ಯೂನಿಕೋಡ್ ವ್ಯವಸ್ಥೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಟ್ಟಿತು. ಆದರೆ ಹಳೆಯ ಕಡತಗಳ ಗತಿ? ಅವನ್ನು ಯೂನಿಕೋಡಿಗೆ ಬದಲಿಸುವ ಸಾಧನಗಳನ್ನು ಸ್ವಯಂಸೇವಕರೇ ಬರೆದು ಮೂಲ ಬರಹದ ಸಮೇತ ಹಂಚಿದರು. 2013ರಲ್ಲಿ ಬಂದ ‘ವಚನ ಸಂಚಯ’ದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕಬಹುದು. ಅದರ ಹಿಂದೆ ತಂತ್ರಜ್ಞ ಓಂಶಿವಪ್ರಕಾಶ್, ಕತೆಗಾರ ವಸುಧೇಂದ್ರ, ವಿಮರ್ಶಕ ಓ.ಎಲ್. ನಾಗಭೂಷಣಸ್ವಾಮಿ ಮುಂತಾದವರಿದ್ದರು. ತಂತ್ರ ಬಲ್ಲವರೂ ಸಾಹಿತ್ಯ ಬಲ್ಲವರೂ ಸೇರದಿದ್ದರೆ ಆ ಕೆಲಸ ಆಗುತ್ತಿರಲಿಲ್ಲ.

ನನ್ನ ಪಾಲಿನ ಒಂದು ಸಣ್ಣ ಅನುಭವ ಹೇಳುತ್ತೇನೆ. ನಾನು ಎಂಜಿನಿಯರ್ ಅಲ್ಲ, ವಾಣಿಜ್ಯ ಓದಿದವನು. ಕೆಲವು ವರ್ಷಗಳ ಹಿಂದೆ ಒಂದು ತಂತ್ರಾಂಶದ ಸಾಲುಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಸೇರಿದೆ. ಮೇಲೆ ಇಂಗ್ಲಿಷ್ ಸಾಲು, ಕೆಳಗೆ ಕನ್ನಡಕ್ಕೆ ಖಾಲಿ ಜಾಗ. ಒಂದೇ ರಾತ್ರಿಯಲ್ಲಿ ಇನ್ನೂರು ಸಾಲು ಮುಗಿಸಿ, ನನ್ನಷ್ಟು ಚುರುಕಿನವರಿಲ್ಲ ಎಂದು ಮಲಗಿದೆ. ಮಾರನೆಯ ದಿನ, ನಾನು ಕಂಡೇ ಇರದ ಒಬ್ಬ ಹಿರಿಯ ಅನುವಾದಕರು ನಲವತ್ತು ಸಾಲುಗಳನ್ನು ವಾಪಸ್ ಕಳುಹಿಸಿದ್ದರು. ಕೆಲವು ಕಡೆ ‘ತೆರೆ’ ಎಂದು ಆಜ್ಞೆ ಬರೆಯಬೇಕಾದಲ್ಲಿ ‘ತೆರೆದಿದೆ’ ಎಂದು ಬರೆದಿದ್ದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಇನ್ನು ಕೆಲವು ಸಾಲುಗಳಲ್ಲಿ ಶೇಕಡಾ ಗುರುತೊಂದು ಇತ್ತು, ಅದೇನೋ ಕಸವೆಂದು ಅಳಿಸಿಹಾಕಿದ್ದೆ. ತಂತ್ರಾಂಶ ಕಡತದ ಹೆಸರನ್ನೋ ಸಂಖ್ಯೆಯನ್ನೋ ತಂದು ಕೂರಿಸುವ ಜಾಗ ಅದು!

ಎರಡು ದಿನ ನನಗೆ ಸಿಟ್ಟು. ಬಿಟ್ಟಿ ದುಡಿದವನಿಗೆ ಇದೇನು ಮರ್ಯಾದೆ ಎಂದುಕೊಂಡೆ. ಮೂರನೆಯ ದಿನ ಅವರ ಟಿಪ್ಪಣಿಗಳನ್ನು ಮತ್ತೆ ಓದಿದೆ. ಒಂದರಲ್ಲೂ ನನ್ನನ್ನು ಹಳಿದ ಮಾತಿರಲಿಲ್ಲ, ಸಾಲಿನ ವಿಷಯ ಮಾತ್ರ ಇತ್ತು. ಒಂದು ಟಿಪ್ಪಣಿಯಂತೂ ನನಗೆ ಕನ್ನಡ ವ್ಯಾಕರಣವನ್ನೇ ಹೊಸದಾಗಿ ಕಲಿಸಿತು. ಇಂಗ್ಲಿಷಿನಲ್ಲಿ ಕಡತದ ಹೆಸರು ಯಾವುದಿದ್ದರೂ ವಾಕ್ಯ ಬದಲಾಗುವುದಿಲ್ಲ. ಕನ್ನಡದಲ್ಲಿ ‘ಮರವನ್ನು’ ಬೇರೆ, ‘ತಮ್ಮನನ್ನು’ ಬೇರೆ, ‘ಊರನ್ನು’ ಬೇರೆ. ಯಾವ ಹೆಸರು ಬಂದು ಕೂರುತ್ತದೋ ತಿಳಿಯದಿರುವಾಗ ವಿಭಕ್ತಿ ಪ್ರತ್ಯಯ ಹಚ್ಚುವುದು ಹೇಗೆ? ಅವರ ಉಪಾಯ ಸರಳವಾಗಿತ್ತು. ಹೆಸರಿನ ಮುಂದೆ ‘ಕಡತ’ ಎಂಬ ಪದ ಸೇರಿಸಿ, ಪ್ರತ್ಯಯವನ್ನು ಅದಕ್ಕೆ ಹಚ್ಚುವುದು. ಆಗ ಹೆಸರು ಏನೇ ಇರಲಿ, ಅದರ ಪಕ್ಕದಲ್ಲಿ ‘ಕಡತವನ್ನು ತೆರೆಯಲಾಗಲಿಲ್ಲ’ ಎಂದು ವಾಕ್ಯ ನೆಟ್ಟಗೆ ನಿಲ್ಲುತ್ತದೆ. ಇಂಥದ್ದನ್ನು ಯಾವ ಕಾಲೇಜಿನಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ನಲವತ್ತನ್ನೂ ತಿದ್ದಿ ಕಳುಹಿಸಿದೆ. ಈ ಸಲ ಸೇರಿಸಿಕೊಂಡರು, ನನ್ನ ಹೆಸರಿನ ಸಮೇತ.

ಕೂಡಿ ದುಡಿಯುವ ವಿದ್ಯೆಯ ತಿರುಳು ಇದೇ ಎಂದು ನನಗೆ ಅಂದು ಮನವರಿಕೆಯಾಯಿತು. ಬುದ್ಧಿವಂತಿಕೆ ಎರಡನೆಯದು. ನಮ್ಮ ತಪ್ಪನ್ನು ಹತ್ತು ಜನರೆದುರು ತಿದ್ದಿಸಿಕೊಳ್ಳುವ ಮನಸ್ಸು ಮೊದಲನೆಯದು.

ಇದರ ಕಷ್ಟವನ್ನೂ ಮುಚ್ಚಿಡಬಾರದು. ಸ್ವಯಂಸೇವಕರು ದಣಿಯುತ್ತಾರೆ. ಜಗತ್ತಿನ ಅಸಂಖ್ಯ ಕಂಪ್ಯೂಟರುಗಳು ಬಳಸುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶವನ್ನು ಬಹುಕಾಲ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ನೆರವಿಗೆ ಬಂದವನಂತೆ ನಟಿಸಿದವನೊಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ವಿಶ್ವಾಸ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲು ಇಟ್ಟ. 2024ರ ಮಾರ್ಚಿಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ತನ್ನ ಕಂಪ್ಯೂಟರ್ ಅರ್ಧ ಸೆಕೆಂಡಿನಷ್ಟು ತಡಮಾಡುತ್ತಿದೆಯಲ್ಲ ಎಂದು ಬೆನ್ನುಹತ್ತಿ ಅದನ್ನು ಪತ್ತೆಮಾಡಿದರು. ಮೂಲ ಬರಹ ಎಲ್ಲರ ಮುಂದಿದ್ದರಿಂದ ಪತ್ತೆಯಾಯಿತು. ದಣಿದ ಒಬ್ಬರ ಹೆಗಲ ಮೇಲೆ ಎಲ್ಲ ಭಾರ ಬಿಟ್ಟದ್ದರಿಂದ ಆ ಅಪಾಯ ಒಳಗೆ ಬಂತು. ಎರಡೂ ಪಾಠವೇ.

ಕನ್ನಡದಲ್ಲಿ ಈ ಅಪಾಯ ಇನ್ನೊಂದು ರೂಪದಲ್ಲಿದೆ. ಗ್ನೋಮ್ ಎಂಬ ಯೋಜನೆ ಶೇಕಡಾ 80ರಷ್ಟು ಸಾಲುಗಳು ಅನುವಾದವಾದ ಭಾಷೆಯನ್ನು ಮಾತ್ರ ಪೂರ್ಣ ಬೆಂಬಲವುಳ್ಳದ್ದೆಂದು ಎಣಿಸುತ್ತಿತ್ತು. ಪ್ರತಿ ಹೊಸ ಆವೃತ್ತಿಯಲ್ಲೂ ಹೊಸ ಸಾಲುಗಳು ಬರುತ್ತವೆ. ದುಡಿಯುವ ಇಬ್ಬರು ಮೂವರು ಉದ್ಯೋಗ, ಸಂಸಾರ ಎಂದು ಹಿಂದೆ ಸರಿದರೆ, ಹಿಂದಿನ ಕೆಲಸ ಅಳಿಯದಿದ್ದರೂ ಕನ್ನಡ ತಾನಾಗಿಯೇ ಕೆಳಗಿಳಿಯುತ್ತದೆ. ಕನ್ನಡ ಮಾಧ್ಯಮದ ಮಗು ಕಂಪ್ಯೂಟರ್ ತೆರೆದಾಗ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಕಂಡರೆ, ಈ ಯಂತ್ರ ನನಗಲ್ಲ ಎಂದುಕೊಳ್ಳುತ್ತದೆ. ನಷ್ಟ ಆಗುವುದು ಅಲ್ಲಿ.

ವಿದ್ಯಾರ್ಥಿಗಳೇ, ಈ ಕೆಲಸಕ್ಕೆ ಬೇಕಾದ ಒಂದು ಬಂಡವಾಳ ನಿಮ್ಮ ಬಳಿ ಈಗಾಗಲೇ ಇದೆ. ನಿಮ್ಮಲ್ಲಿ ಬಹಳ ಮಂದಿ ಮನೆಯಲ್ಲಿ ಉರ್ದು ಆಡುತ್ತೀರಿ, ಸಂತೆಯಲ್ಲಿ ಕನ್ನಡ ಆಡುತ್ತೀರಿ, ಪುಸ್ತಕದಲ್ಲಿ ಇಂಗ್ಲಿಷ್ ಓದುತ್ತೀರಿ. ಅಜ್ಜಿಗೆ ಬಂದ ಬ್ಯಾಂಕಿನ ಕಾಗದವನ್ನು ಓದಿ ಹೇಳುವಾಗ ನೀವು ಮಾಡುವುದು ಅನುವಾದವೇ. ಅದನ್ನು ನಾವು ಕೊರತೆಯೆಂದು ನಾಚಿಕೊಂಡದ್ದುಂಟು. ಅದು ಕಸುಬು. ಹೊರ ಊರಿಗೆ ಹೋಗಿ ದುಡಿಯಲು ಅನುಕೂಲವಿಲ್ಲದ ಹೆಣ್ಣುಮಕ್ಕಳೂ ಈ ಕೆಲಸವನ್ನು ಕೂತಲ್ಲಿಂದಲೇ ಮಾಡಬಹುದು. ಮಾಡಿದ್ದಕ್ಕೆ ಅವರದೇ ಹೆಸರಿನಲ್ಲಿ ದಾಖಲೆ ಇರುತ್ತದೆ. ನಾಳೆ ಕೆಲಸ ಕೊಡುವವರು ಕೇಳಿದರೆ, ಇಗೋ ನಾನು ಮಾಡಿದ್ದು ಎಂದು ತೋರಿಸಬಹುದು.

ಆರಂಭಕ್ಕೆ ದೊಡ್ಡ ಸಿದ್ಧತೆ ಬೇಡ. ನೀವು ಬಳಸುವ ಒಂದು ಮುಕ್ತ ತಂತ್ರಾಂಶವನ್ನು ಆರಿಸಿಕೊಳ್ಳಿ. ಫೈರ್‌ಫಾಕ್ಸ್ ಇರಲಿ, ಲಿಬ್ರೆ ಆಫೀಸ್ ಇರಲಿ. ಕನ್ನಡದಲ್ಲಿ ಬಳಸಿ ನೋಡಿ. ಅರ್ಥವಾಗದ ಒಂದು ಸಾಲು ಕಂಡರೆ ಬರೆದಿಟ್ಟುಕೊಳ್ಳಿ, ಸರಿಯಾದ ರೂಪವನ್ನು ಸೂಚಿಸಿ ಕಳುಹಿಸಿ. ವಾರಕ್ಕೆ ಹತ್ತು ಸಾಲು ಸಾಕು. ನನ್ನ ಹಾಗೆ ಒಂದೇ ರಾತ್ರಿ ಇನ್ನೂರು ಬೇಡ! ತಿರಸ್ಕಾರವಾದರೆ ಕಾರಣ ಕೇಳಿ. ಬಿಡಬೇಕಾಗಿ ಬಂದರೆ ಹೇಳಿ ಬಿಡಿ, ಮುಂದಿನವರಿಗೆ ದಾರಿ ತೋರಿಸಿ ಬಿಡಿ.

ನಮ್ಮ ಕಡೆಯ ಹೊಲಗಳಲ್ಲಿ ಮುಯ್ಯಾಳು ಎಂಬ ಪದ್ಧತಿಯಿದೆ. ಇಂದು ನೀವು ನಮ್ಮ ಗದ್ದೆಯ ನಾಟಿಗೆ ಬಂದರೆ, ನಾಳೆ ನಾವು ನಿಮ್ಮ ಗದ್ದೆಗೆ. ಕೂಲಿಯ ಮಾತಿಲ್ಲ. ಮುಕ್ತ ತಂತ್ರಾಂಶವೂ ಮುಯ್ಯಾಳಿನ ಕೆಲಸವೇ. ಒಂದೇ ವ್ಯತ್ಯಾಸವೆಂದರೆ, ನಮ್ಮ ಗದ್ದೆಗೆ ಬಂದು ನಾಟಿ ಮಾಡಿಹೋದವರ ಊರು, ಮುಖ ನಮಗೆ ಗೊತ್ತಿಲ್ಲ. ನಾವು ಇಷ್ಟು ವರ್ಷ ಅವರ ದುಡಿಮೆಯ ಫಲ ಉಂಡಿದ್ದೇವೆ. ಮುಯ್ಯಿ ತೀರಿಸುವ ಸರದಿ ಈಗ ನಮ್ಮದು.