ಮಗುವಿನ ಆರೈಕೆ ಒಬ್ಬಳ ಕೈಯದಲ್ಲ
(ತೋವಿನಕೆರೆಯ ಸಭೆಯಲ್ಲಿ ಮಕ್ಕಳ ವಾರ್ಡಿನ ದಾದಿಯೊಬ್ಬರು ಆಡಿದ ಮಾತು)



ದಾದಿಗೆ ತಾಯಿಯ ಕರುಳಿದ್ದರೆ ಸಾಕೆಂದು ಸಭೆಗಳಲ್ಲಿ ಹೊಗಳುವುದುಂಟು. ಹೊಗಳಿಕೆಗೆ ವಂದನೆ. ಆದರೆ ಬರಿಯ ಕರುಳಿನಿಂದ ಮಗು ಉಳಿಯುವುದಿಲ್ಲ.

ನಾನು ಏಳು ವರ್ಷದವಳಿದ್ದಾಗ ನನ್ನ ತಮ್ಮ ಭೇದಿಯಿಂದ ತೀರಿಕೊಂಡ. ನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆಂದು ಮನೆಯವರು ನೀರನ್ನೇ ನಿಲ್ಲಿಸಿದ್ದರು. ಅವನ ಒಣಗಿದ ತುಟಿಯ ನೆನಪೇ ನನ್ನನ್ನು ಈ ಕೆಲಸಕ್ಕೆ ತಂದಿತು. ಅದೇ ನೆನಪು ಒಮ್ಮೆ ದಾರಿಯನ್ನೂ ತಪ್ಪಿಸಿತು.

ಕೂಲಿಯ ತಾಯಿಯೊಬ್ಬಳಿಗೆ ಭೇದಿಯಾದ ಮಗುವಿಗೆಂದು ಓಆರ್‌ಎಸ್ ಪೊಟ್ಟಣ ಕೊಟ್ಟು ಕಳಿಸಿದ್ದೆವು. ಎರಡೇ ದಿನದಲ್ಲಿ ಮಗು ಇನ್ನಷ್ಟು ಬಳಲಿ ಮರಳಿತು. "ನೀರು ಕುಡಿಸಲಿಲ್ಲ ಅಲ್ಲವೇ?" ಎಂದು ಗದರಿದೆ. ನನ್ನ ಕಣ್ಣಿಗೆ ಕಂಡವನು ನನ್ನ ತಮ್ಮ, ಆ ಮಗುವಲ್ಲ. ವಾರ್ಡಿನ ಆಯಾ ಮಾತ್ರ ಅವಳ ಪಕ್ಕ ಕುಳಿತು, "ಹೇಗೆ ಕಲಸಿದೆಯಮ್ಮ?" ಎಂದು ಕೇಳಿದಳು. ಒಂದು ಲೀಟರ್ ನೀರಿಗೆ ಹಾಕಬೇಕಾದ ಪೊಟ್ಟಣವನ್ನು ಅವಳು ಒಂದು ಲೋಟಕ್ಕೆ ಹಾಕಿದ್ದಳು. ಮನೆಯಲ್ಲಿ ಲೀಟರಿನ ಅಳತೆಯೇ ಇರಲಿಲ್ಲ, ನಾವೂ ತೋರಿಸಿರಲಿಲ್ಲ. ವೈದ್ಯರಿಗೆ ತಿಳಿಸಿದೆ. ರಕ್ತದಲ್ಲಿ ಉಪ್ಪಿನಂಶ ಪರೀಕ್ಷಿಸಿ ಚಿಕಿತ್ಸೆ ಬದಲಿಸಿದರು. ಮಗು ಉಳಿಯಿತು. ಅಂದಿನಿಂದ ತಾಯಿಯ ಕೈಯಲ್ಲೇ ಒಮ್ಮೆ ಕಲಸಿಸಿ ನೋಡದೆ ನಾನು ಪೊಟ್ಟಣ ಕೊಡುವುದಿಲ್ಲ.

ಈ ನೀರಿನ ಚರಿತ್ರೆಯೂ ಕೂಡಿ ದುಡಿದವರ ಚರಿತ್ರೆಯೇ. 1971ರಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ನಿರಾಶ್ರಿತರಿಗೆ ಕಾಲರಾ ಹತ್ತಿ, ನರಕ್ಕೆ ಕೊಡುವ ದ್ರಾವಣ ಸಾಲದಾದಾಗ, ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರನ್ನು ರೋಗಿಗಳ ನೆಂಟರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಅಂಗಡಿಯವರೂ ಈ ಕೆಲಸದಲ್ಲಿ ಪಾಲುದಾರರು. ಸಿಹಿ ಪಾನೀಯಗಳ ಮೇಲೆ 'ಓಆರ್‌ಎಸ್' ಎಂದು ಅಚ್ಚು ಹಾಕಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ಆಜ್ಞೆ ಮಾಡಿದೆ. ಭೇದಿಯಾದ ಮಗುವಿಗೆ ಅಂಥ ಡಬ್ಬಿ ಕೊಡಬೇಡಿ; ಸಕ್ಕರೆ ಹೆಚ್ಚಾದರೆ ಭೇದಿಯೂ ಹೆಚ್ಚುತ್ತದೆ. ಪೊಟ್ಟಣ ಕೊಡಿ, ಲೀಟರಿನ ಅಳತೆ ತೋರಿಸಿ.

ಗಿರಣಿಯ ಬಂಧುಗಳೇ, ಒಬ್ಬನಿಗೆ ಮಿತಿಮೀರಿ ಮಗ್ಗ ವಹಿಸಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ನೂಲು ಕಡಿಯುತ್ತದೆ, ನೀವು ಗಂಟು ಹಾಕುತ್ತೀರಿ. ನಮ್ಮ ವಾರ್ಡಿನಲ್ಲಿ ಕಡಿದದ್ದಕ್ಕೆ ಗಂಟಿಲ್ಲ. ಆದ್ದರಿಂದ ಪ್ರತಿ ಪಾಳಿಗೂ ಸಾಕಷ್ಟು ದಾದಿಯರು ಬೇಕು, ಆಯಾಗಳಿಗೆ ಕಾಯಂ ಕೆಲಸ ಬೇಕು ಎಂದು ನಮ್ಮೊಡನೆ ನೀವೂ ಕೇಳಿರಿ. ಗುತ್ತಿಗೆ ಮುಗಿದು ನಾಳೆ ಆ ಆಯಾ ಮನೆಗೆ ಹೋದರೆ, "ಹೇಗೆ ಕಲಸಿದೆಯಮ್ಮ?" ಎಂದು ಕೇಳುವವರು ಯಾರು?