ಸಂಘದ ಲೆಕ್ಕ ಎಲ್ಲಿರಬೇಕು?

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಮಯದಲ್ಲಿ ಅದು ನಡೆದು ಬಂದ ದಾರಿಯನ್ನು ಹಿರಿಯರು ಈಗಾಗಲೇ ವಿವರಿಸಿದ್ದಾರೆ. ನಮಗೆ ಒಪ್ಪಿಸಿರುವುದು ಸ್ವಲ್ಪ ಒಣ ವಿಷಯ. ಕಂಪ್ಯೂಟರಿಗೆ ಹೋದ ಲೆಕ್ಕವನ್ನು ಎಲ್ಲಿ ಇಡಬೇಕು, ಯಾರ ಕೈಗೆ ಕೊಡಬೇಕು, ಅನಾಹುತವಾದರೆ ಅದನ್ನು ಮತ್ತೆ ಹೇಗೆ ಪಡೆಯಬೇಕು ಅನ್ನೋದು. ಊಟಕ್ಕೆ ಮುಂಚೆ ಇದನ್ನು ಇಟ್ಟಿದ್ದಾರೆ ಅಂದ್ರೆ ಕಾರ್ಯಕ್ರಮ ಹಾಕಿದವರಿಗೆ ನಮ್ಮ ಮೇಲೆ ಏನೋ ಸಿಟ್ಟಿರಬೇಕು. ಆದರೂ ದಯವಿಟ್ಟು ಕೇಳಿ, ಯಾಕಂದ್ರೆ ಇದು ನಿಮ್ಮ ದುಡ್ಡಿನ ಮಾತು.

ಸಂಘದಲ್ಲಿ ನಿಮ್ಮ ಠೇವಣಿ ಇದೆ ಅಂತೀರಿ. ತಿಜೋರಿಯಲ್ಲಿ ನಿಮ್ಮ ಹೆಸರು ಬರೆದು ಕಟ್ಟಿಟ್ಟ ನೋಟು ಯಾವುದೂ ಇಲ್ಲ. ಇರುವುದು ಒಂದು ಬರಹ. ಇಂಥವರಿಂದ ಇಂಥ ದಿನ ಇಷ್ಟು ಬಂತು, ಇಷ್ಟು ಬಡ್ಡಿ ಸೇರಿತು ಎಂಬ ನಾಲ್ಕು ಸಾಲು. ಬೆಳೆಸಾಲ ತೀರಿಸಿದ್ದಕ್ಕೂ ಅದೇ ಸಾಕ್ಷಿ, ಒತ್ತೆ ಇಟ್ಟ ಸರ ಯಾರದು ಅನ್ನೋದಕ್ಕೂ ಅದೇ ಸಾಕ್ಷಿ. ಹಿಂದೆ ಆ ಬರಹ ರೋಜುಕೀರ್ದಿಯಲ್ಲಿ, ಲೆಡ್ಜರಿನಲ್ಲಿ ಇರುತ್ತಿತ್ತು. ಗೆದ್ದಲು ಹಿಡಿದರೂ ಅರ್ಧ ಪುಟವಾದರೂ ಉಳಿಯುತ್ತಿತ್ತು. ಕಂಪ್ಯೂಟರಿನಲ್ಲಿ ಅರ್ಧ ಉಳಿಯುವ ಮಾತು ಕಡಿಮೆ. ಹೋದರೆ ಪೂರ್ತಿ ಹೋಗುತ್ತದೆ, ಅದೂ ಸದ್ದಿಲ್ಲದೆ.

2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟವು ದೇಶದ ಸುಮಾರು 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಬಾರ್ಡ್ ಮುಖಾಂತರ ಒಂದೇ ಬಗೆಯ ಸಾಫ್ಟ್‌ವೇರ್, ಲೆಕ್ಕವೆಲ್ಲ ದೂರದ ಸರ್ವರಿನಲ್ಲಿ. ಇದನ್ನು 'ಕ್ಲೌಡ್' ಅಂತ ಕರೆಯುತ್ತಾರೆ. ಹೆಸರು ಕೇಳಿ ಆಕಾಶ ನೋಡಬೇಕಾಗಿಲ್ಲ. ಅದು ಗೋಡೆ, ಸೂರು, ಕರೆಂಟು ಇರುವ ಒಂದು ಕಟ್ಟಡ. ಸಾಲು ಸಾಲು ಕಬ್ಬಿಣದ ಬೀರುಗಳಲ್ಲಿ ಸಾವಿರಾರು ಕಂಪ್ಯೂಟರುಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಅವು ಕಾಯುತ್ತವೆ, ಆದ್ದರಿಂದ ತಂಪು ಮಾಡುವ ಯಂತ್ರ ಬೇಕು. ಕರೆಂಟು ಹೋದ ಗಳಿಗೆಯಲ್ಲಿ ಹಿಡಿಯಲು ಬ್ಯಾಟರಿ ಬೇಕು, ಬ್ಯಾಟರಿ ಮುಗಿಯುವಷ್ಟರಲ್ಲಿ ಡೀಸೆಲ್ ಜನರೇಟರ್ ಏಳಬೇಕು. ಅದಕ್ಕೇ ಡೇಟಾ ಸೆಂಟರಿನ ಸಾಮರ್ಥ್ಯವನ್ನು ಜಾಗದ ಚದರಡಿಯಲ್ಲಿ ಹೇಳುವುದಕ್ಕಿಂತ ಎಷ್ಟು ಮೆಗಾವಾಟ್ ವಿದ್ಯುತ್ ಎಂದು ಹೇಳುವುದೇ ಹೆಚ್ಚು.

ಇಂಥದ್ದನ್ನು ನಮ್ಮ ಗೊಬ್ಬರದ ಗೋದಾಮಿನ ಪಕ್ಕದ ಕೋಣೆಯಲ್ಲಿ ಕಟ್ಟಲು ಆಗುವುದಿಲ್ಲ. ಕಟ್ಟಬಾರದು ಕೂಡ. ಒಂದು ಸರ್ವರ್, ಒಂದು ಯುಪಿಎಸ್, ಒಂದು ಎ.ಸಿ. ತರಬಹುದು. ರಾತ್ರಿ ಎರಡು ಗಂಟೆಗೆ ಅದು ಕೆಟ್ಟರೆ ಓಡಿ ಬರುವವರು ಯಾರು? ಅಂಥವರ ಒಂದು ವರ್ಷದ ಸಂಬಳ ಸಂಘದ ಲಾಭವನ್ನೇ ನುಂಗೀತು. ಒಬ್ಬೊಬ್ಬರಿಂದ ಆಗದ್ದನ್ನು ಹತ್ತು ಜನ ಕೂಡಿ ಮಾಡುವುದೇ ಸಹಕಾರ ಎಂದು 1905ರಲ್ಲೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿ ತೋರಿಸಿದರು. ಸರ್ವರಿನ ವಿಷಯದಲ್ಲೂ ಹಾಗೇ. ನೂರಾರು ಸಂಘಗಳು ಕೂಡಿ ಒಬ್ಬರಿಗೆ ಹೊರಗುತ್ತಿಗೆ ಕೊಡುವುದೇ ಸರಿ ಎಂದು ನಮ್ಮ ಅಭಿಪ್ರಾಯ.

ಆದರೆ ಕೂಡಿ ಇಟ್ಟರೆ ಕೂಡಿಯೇ ಮುಳುಗುವ ಭಯವೂ ಇರುತ್ತದೆ. 2024ರ ಜುಲೈ 31ರ ಸುದ್ದಿ ಕೆಲವರಿಗೆ ನೆನಪಿರಬಹುದು. ಸಹಕಾರ ಬ್ಯಾಂಕುಗಳಿಗೂ ಗ್ರಾಮೀಣ ಬ್ಯಾಂಕುಗಳಿಗೂ ಕಂಪ್ಯೂಟರ್ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಕಂಪನಿಯ ವ್ಯವಸ್ಥೆಗೆ ಸುಲಿಗೆಕೋರರ ಸಾಫ್ಟ್‌ವೇರ್ ನುಗ್ಗಿತು. ಇದು ಕಡತಗಳಿಗೆಲ್ಲ ಬೀಗ ಹಾಕಿ, ಕೀಲಿಗೆ ದುಡ್ಡು ಕೇಳುವ ಜಾತಿಯದು. ಬೇರೆ ಬ್ಯಾಂಕುಗಳಿಗೆ ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮವು ಆ ಕಂಪನಿಯ ಸಂಪರ್ಕವನ್ನೇ ಕಡಿದು ಹಾಕಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಇಲ್ಲ, ಎಟಿಎಂ ಇಲ್ಲ. ಮರುದಿನ ಸಂಪರ್ಕ ಮರಳಿತು. ಆ ಕಂಪನಿ ಯಾರೋ ಹೆಸರಿಲ್ಲದವರದಲ್ಲ, ಸ್ಟೇಟ್ ಬ್ಯಾಂಕ್ ಮತ್ತು ಟಿಸಿಎಸ್ ಕೂಡಿ ಕಟ್ಟಿದ್ದು. ಬಾಗಿಲಿಗೆ ಬಂದ ಗ್ರಾಹಕರಿಗೆ ಉತ್ತರ ಹೇಳಬೇಕಾದವರು ಮಾತ್ರ ಆಯಾ ಊರಿನ ಬ್ಯಾಂಕಿನವರೇ. ಕೆಲಸವನ್ನು ಹೊರಗೆ ಕೊಡಬಹುದು, ಜವಾಬ್ದಾರಿಯನ್ನು ಹೊರಗೆ ಕೊಡಲು ಬರುವುದಿಲ್ಲ.

ಬೆಂಕಿಯ ಕತೆ ಇನ್ನೂ ಕೇಳುವಂಥದ್ದು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ 2021ರ ಮಾರ್ಚ್ 10ರಂದು ಓವಿಎಚ್ ಎಂಬ ಕಂಪನಿಯ ಐದಂತಸ್ತಿನ ಡೇಟಾ ಸೆಂಟರ್ ಸುಟ್ಟುಹೋಯಿತು. ಬ್ಯಾಕಪ್ ಪ್ರತಿಗೆ ದುಡ್ಡು ಕೊಟ್ಟಿದ್ದ ಕೆಲವರು ಧೈರ್ಯವಾಗಿದ್ದರು. ಆಮೇಲೆ ನೋಡಿದರೆ ಅವರ ಪ್ರತಿಯೂ ಅದೇ ಜಾಗದಲ್ಲಿ ಇತ್ತು! ನಮ್ಮ ಹೆಣ್ಣುಮಕ್ಕಳು ಬಿತ್ತನೆಯ ಬೀಜವನ್ನು ಉಣ್ಣುವ ಕಾಳಿನ ಜೊತೆ ಒಂದೇ ಚೀಲಕ್ಕೆ ಸುರಿಯುತ್ತಾರೆಯೇ? ಬೂದಿ ಬೆರೆಸಿ, ಬೇರೆ ಗಡಿಗೆಯಲ್ಲಿ, ಬೇರೆ ಮೂಲೆಯಲ್ಲಿ ಇಡುತ್ತಾರೆ.

ಇದಕ್ಕಿಂತ ದೊಡ್ಡದು ದಕ್ಷಿಣ ಕೊರಿಯಾದಲ್ಲಿ ಆಯಿತು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಬ್ಯಾಟರಿಗಳನ್ನು ಸ್ಥಳಾಂತರ ಮಾಡುವ ಕೆಲಸ ನಡೆದಿತ್ತು. ಕರೆಂಟು ಹೋದಾಗ ಕಾಪಾಡಲೆಂದು ಇಟ್ಟ ಬ್ಯಾಟರಿಯೇ ಹೊತ್ತಿಕೊಂಡಿತು. ಆರಿಸಲು ಸುಮಾರು 22 ಗಂಟೆ ಹಿಡಿಯಿತು. ಆರುನೂರಕ್ಕೂ ಹೆಚ್ಚು ಸರ್ಕಾರಿ ಸೇವೆಗಳು ನಿಂತವು, ಅಂಚೆ ಕಚೇರಿಯ ಬ್ಯಾಂಕಿಂಗ್ ಕೂಡ ನಿಂತಿತು. ಬಹಳಷ್ಟನ್ನು ಅವರು ಮುಂದೆ ಒಂದೊಂದಾಗಿ ಎಬ್ಬಿಸಿದರು. ಆದರೆ ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ 'ಜಿ-ಡ್ರೈವ್' ಎಂಬ ಭಂಡಾರ ಸುಟ್ಟೇ ಹೋಯಿತು. ಅದರಲ್ಲಿದ್ದದ್ದು 858 ಟೆರಾಬೈಟ್. ನಮ್ಮ ಲೆಕ್ಕದಲ್ಲಿ ಸುಮಾರು ಎಂಟೂವರೆ ಲಕ್ಷ ಗಿಗಾಬೈಟ್. ಹೊರಗೆ ಪ್ರತಿ ಯಾಕೆ ಇರಲಿಲ್ಲ ಅಂದ್ರೆ, ಪ್ರತಿ ತೆಗೆಯಲಾರದಷ್ಟು ದೊಡ್ಡದಾಗಿತ್ತಂತೆ. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶದ ಮಾತು ಇದು.

ಈಗ ನಮ್ಮದನ್ನು ತೂಗಿ ನೋಡೋಣ. ಎರಡು ಸಾವಿರ ಸದಸ್ಯರಿರುವ ಸಂಘ ಎಂದಿಟ್ಟುಕೊಳ್ಳಿ. ಒಬ್ಬರಿಗೆ ವರ್ಷಕ್ಕೆ 40 ನಮೂದು. ವರ್ಷಕ್ಕೆ 80 ಸಾವಿರ, ಇಪ್ಪತ್ತೈದು ವರ್ಷಕ್ಕೆ 20 ಲಕ್ಷ ಸಾಲು. ಒಂದು ಸಾಲಿಗೆ ಅರ್ಧ ಕಿಲೋಬೈಟ್ ಹಿಡಿದರೂ ಒಟ್ಟು ಒಂದು ಗಿಗಾಬೈಟ್! ಫೋಟೋ, ಸಹಿ, ಪಹಣಿಯ ನಕಲು ಎಂದು ತಲೆಗೆ 5 ಮೆಗಾಬೈಟ್ ಸೇರಿಸಿದರೆ ಇನ್ನೊಂದು ಹತ್ತು. ಬೆರಳುದ್ದದ ಪೆನ್‌ಡ್ರೈವಿನಲ್ಲಿ ಈ ಸಂಘದ ಕಾಲು ಶತಮಾನ ಕೂತು, ಇನ್ನೂ ಜಾಗ ಮಿಗುತ್ತದೆ. ಕೊರಿಯಾದವರಿಗೆ ದೊಡ್ಡದಾಯಿತು ಎಂಬ ನೆಪವಾದರೂ ಇತ್ತು. ನಮಗೆ ಅದೂ ಇಲ್ಲ.

ಆದ್ದರಿಂದ ಹೊರಗುತ್ತಿಗೆಯವರ ಕರಾರಿಗೆ ಸಹಿ ಹಾಕುವ ಮುಂಚೆ ಮಂಡಳಿಯವರು ಕೇಳಬೇಕಾದ್ದು ಇಷ್ಟೇ. ಲೆಕ್ಕ ಯಾವ ಊರಿನಲ್ಲಿದೆ, ಎರಡನೆಯ ಪ್ರತಿ ಯಾವ ಊರಿನಲ್ಲಿದೆ? ಒಂದೇ ಊರಾದರೆ ಬೇಡ. ಅನಾಹುತವಾದ ದಿನ ಎಷ್ಟು ಹೊತ್ತಿನ ನಮೂದು ಕಳೆಯಬಹುದು, ಎಷ್ಟು ಹೊತ್ತಿಗೆ ಕೌಂಟರ್ ಮತ್ತೆ ತೆರೆಯಬಹುದು? ಇವು ಎರಡೂ ಬೇರೆ ಬೇರೆ ಪ್ರಶ್ನೆ. ಹಾಲಿನ ಡೈರಿಗಾದರೆ ಬೆಳಗಿನ ಒಂದು ಗಂಟೆ ನಿಂತರೂ ಕಷ್ಟ. ನಮಗೆ ಅರ್ಧ ದಿನ ಬಾಗಿಲು ಹಾಕಿದರೂ ನಡೆದೀತು, ಆದರೆ ಕಟ್ಟಿದ ಒಂದು ಕಂತು ಕಳೆದರೂ ನಡೆಯದು. 'ನೂರಕ್ಕೆ 99.9 ಭಾಗ ಚಾಲೂ ಇರುತ್ತೆ' ಎಂದು ಹೇಳಿದರೆ ತಲೆಯಾಡಿಸಬೇಡಿ. ಗುಣಿಸಿ ನೋಡಿದರೆ ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ನಿಲ್ಲಬಹುದು ಅಂತ ಅರ್ಥ. ಅದು ಬೆಳೆಸಾಲದ ಕಡೆಯ ದಿನವೇ ಆಗಬಹುದಲ್ಲ? ಕೊನೆಗೆ, ಕರಾರು ಮುಗಿದರೆ ನಮ್ಮ ಲೆಕ್ಕವನ್ನು ಬೇರೆಯವರು ಓದಬಲ್ಲ ರೂಪದಲ್ಲಿ, ಎಷ್ಟು ದಿನದಲ್ಲಿ ಮರಳಿ ಕೊಡುತ್ತೀರಿ ಎಂಬುದು. ಅವರು ಎಲ್ಲದಕ್ಕೂ ಲಗುಬಗೆಯಿಂದ ಉತ್ತರ ಹೇಳಿ, ಇದೊಂದಕ್ಕೆ ಮಾತ್ರ ಮೇಲಿನವರನ್ನು ಕೇಳಿ ಹೇಳ್ತೀವಿ ಅಂದ್ರೆ ಎಚ್ಚರವಿರಲಿ.

ಮಿಕ್ಕಿದ್ದು ನಮ್ಮ ಕೈಯಲ್ಲೇ ಇದೆ. ದಿನದ ಕೊನೆಗೆ ರೋಜುಕೀರ್ದಿಯ ಪ್ರಿಂಟ್ ತೆಗೆದು ಸಹಿ ಹಾಕಿ ಫೈಲಿಗೆ ಸೇರಿಸುವುದು. ತಿಂಗಳಿಗೊಮ್ಮೆ ಎಲ್ಲ ಸದಸ್ಯರ ಬಾಕಿ ಪಟ್ಟಿ. ಪೂರ್ತಿ ಲೆಕ್ಕದ ಪ್ರತಿ ಕೊಡಲು ಒಪ್ಪಿದರೆ ಅದನ್ನು ಎರಡು ಡ್ರೈವುಗಳಲ್ಲಿ ಸರದಿಯಂತೆ ತೆಗೆದು, ಒಂದನ್ನು ಬೇರೆ ಊರಿನ ಲಾಕರಿನಲ್ಲಿ ಇಡುವುದು. ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟ ಡ್ರೈವಿಗೆ ಆ ಸುಲಿಗೆ ಸಾಫ್ಟ್‌ವೇರ್ ಬೀಗ ಹಾಕದೆ ಬಿಡುವುದಿಲ್ಲ. ಡ್ರೈವಿಗೂ ಪಾಸ್‌ವರ್ಡ್ ಇರಲಿ, ಯಾಕಂದ್ರೆ ಅದರಲ್ಲಿ ಊರಿನವರೆಲ್ಲರ ಸಾಲದ ಗುಟ್ಟು ಇರುತ್ತದೆ. ಪಾಸ್‌ವರ್ಡನ್ನು ಲಕೋಟೆಯಲ್ಲಿ ಅರಗು ಹಾಕಿ ಅಧ್ಯಕ್ಷರ ಬಳಿಯೂ ಕಾರ್ಯದರ್ಶಿಯವರ ಬಳಿಯೂ ಇಡಬೇಕು. ಕಂಪ್ಯೂಟರ್ ನಿಂತ ದಿನಕ್ಕೆಂದು ನಂಬರ್ ಹಾಕಿದ ಕೈಬರಹದ ರಸೀದಿ ಪುಸ್ತಕ ಒಂದು ಮೇಜಿನಲ್ಲಿ ಇರಲೇಬೇಕು. ಹೊಸದಾಗಿ ಸೇರಿದ ಹುಡುಗರಿಗೆ ಅದನ್ನು ಬರೆಯುವುದನ್ನೂ ಕಲಿಸಬೇಕು.

ಇಷ್ಟು ಮಾಡಿಯೂ ಒಂದು ಉಳಿಯಿತು. ಪ್ರತಿಯನ್ನು ತೆರೆದು ನೋಡುವುದು. ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯಲ್ಲಿ 2017ರ ಜನವರಿ 31ರಂದು ಕೆಲಸಗಾರರೊಬ್ಬರ ಕೈತಪ್ಪಿ ಲೆಕ್ಕ ಅಳಿಸಿಹೋಯಿತು. ಬ್ಯಾಕಪ್ಪಿಗೆ ಹಲವು ಏರ್ಪಾಡು ಇದ್ದವು. ನಿತ್ಯದ ಬ್ಯಾಕಪ್ ಎಷ್ಟೋ ದಿನದಿಂದ ನಡೆದೇ ಇರಲಿಲ್ಲ, ಯಾರೂ ನೋಡಿರಲಿಲ್ಲ. ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ತೆಗೆದ ಒಂದು ಪ್ರತಿ ಸಿಕ್ಕಿದ್ದರಿಂದ ಬಚಾವಾದರು. ನಮ್ಮ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವೂ ಅಷ್ಟೆ. 2021ರ ಫೆಬ್ರುವರಿ 24ರಂದು ಮುಂಬಯಿಯಲ್ಲಿ ವಹಿವಾಟು ಸುಮಾರು ನಾಲ್ಕು ಗಂಟೆ ನಿಂತಿತು. ಚೆನ್ನೈಯಲ್ಲಿ ಬದಲಿ ಕೇಂದ್ರ ಇತ್ತು, ಆ ದಿನ ಅದಕ್ಕೆ ಹೋಗಲಿಲ್ಲ. ಮುಂದೆ 2024ರ ಮಾರ್ಚ್ 2ರಂದು, ಶನಿವಾರದ ರಜೆಯಲ್ಲಿ, ಬದಲಿ ಕೇಂದ್ರದಿಂದ ವಹಿವಾಟು ನಡೆಸಿ ಅಭ್ಯಾಸ ಮಾಡಿದರು.

ನಾವೂ ವರ್ಷಕ್ಕೊಂದು ದಿನ ಅಂಥದ್ದನ್ನು ಇಟ್ಟುಕೊಳ್ಳಬಹುದು. ಏಪ್ರಿಲ್‌ನಲ್ಲಿ, ವರ್ಷದ ಲೆಕ್ಕ ಮುಗಿದ ಮೇಲೆ, ಒಂದು ಭಾನುವಾರ. ಲಾಕರಿನ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆಯುವುದು. ಅದು ಇಲ್ಲದಿದ್ದರೆ ತಿಂಗಳ ಬಾಕಿ ಪಟ್ಟಿಯನ್ನೇ ತೆಗೆಯುವುದು. ಹತ್ತು ಜನ ಸದಸ್ಯರ ಪಾಸ್‌ಬುಕ್ಕಿಗೆ ಅದು ತಾಳೆಯಾಗುತ್ತದೋ ಇಲ್ಲವೋ ಎಲ್ಲರ ಎದುರಿಗೆ ನೋಡುವುದು. ಮುಂದಿನ ಮಂಡಳಿ ಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸಬೇಕೆಂದು ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇವೆ. ಆ ಹತ್ತು ಪಾಸ್‌ಬುಕ್ಕಿನಲ್ಲಿ ನಿರ್ದೇಶಕರದು ಇರಬಾರದು, ಸಾಮಾನ್ಯ ಸದಸ್ಯರದೇ ಆಗಬೇಕು. ಬರಲು ಒಪ್ಪುವವರು ಊಟ ಮುಗಿಸಿ ಹೋಗುವಾಗ ಗುಮಾಸ್ತರ ಹತ್ತಿರ ಹೆಸರು ಬರೆಸಿ ಹೋಗಿ.